ಜಗಳೂರಿನಿಂದ ತಂದ ಗರಗಸದ ಮೇಜು

ಆ ವರ್ಷ ಮುಂಗಾರಿಗೆ ಮುಂಚೆ ನನ್ನ ಹೆಂಡತಿ ಜಗಳೂರಿನ ತವರಿಗೆ ಹೋದಳು. ದಸರೆ ಹತ್ತಿರ ಬಂದರೂ ಹಿಂತಿರುಗಲಿಲ್ಲ. ಮುನಿಸಿಕೊಂಡು ಹೋದವಳಲ್ಲ. ಐದು ತಿಂಗಳ ಬಸಿರು ಇಳಿದುಹೋಗಿತ್ತು. ಸುದ್ದಿ ತಿಳಿದು ನಮ್ಮೂರು ನ್ಯಾಮತಿಗೆ ಬಂದ ಅತ್ತೆ ಮಗಳ ಮುಖ ನೋಡಿದರು. ಆಮೇಲೆ ನನ್ನ ಕೆಲಸದ ಚಪ್ಪರಕ್ಕೆ ಬಂದು, ಗೋಡೆಗೆ ನೇತುಹಾಕಿದ್ದ ಎರಡಾಳಿನ ಗರಗಸವನ್ನು ಬಹಳ ಹೊತ್ತು ನೋಡುತ್ತ ನಿಂತರು.

"ಅಳಿಯಂದ್ರೇ, ಇದರ ಇನ್ನೊಂದು ತುದಿಗೆ ನನ್ನ ಮಗಳೇ ಆಗಬೇಕಿತ್ತೇನು?" ಎಂದರು.

ಮಾರನೆಯ ಬೆಳಿಗ್ಗೆ ಅವರಿಬ್ಬರನ್ನೂ ಬಸ್ಸು ಹತ್ತಿಸಿ ಬಂದೆ.

ಬಡಗಿ ಒಬ್ಬನೇ ಕೂತು ಉಳಿ ಹಿಡಿಯಬಹುದು, ಬಾಚಿ ಹಿಡಿಯಬಹುದು, ಹಲಗೆ ನಯ ಮಾಡಬಹುದು. ಉದ್ದದ ಹಲಗೆಯನ್ನು ಪಟ್ಟಿಪಟ್ಟಿಯಾಗಿ ಸೀಳುವುದು ಮಾತ್ರ ಒಬ್ಬನಿಂದ ಆಗುವ ಕೆಲಸವಲ್ಲ. ಹಲಗೆಯನ್ನು ಕುದುರೆಗಳೆಂಬ ಎತ್ತರದ ಮರದ ಅಡ್ಡೆಗಳ ಮೇಲೆ ಕಟ್ಟಿ, ಒಬ್ಬ ಮೇಲೆ ನಿಂತು ಒಬ್ಬ ಕೆಳಗೆ ನಿಂತು ಎಳೆಯಬೇಕು. ಅಪ್ಪ ಇದ್ದಷ್ಟು ದಿನ ಅಪ್ಪ ಮೇಲೆ, ನಾನು ಕೆಳಗೆ. ಅವರು ಹೋದ ಮೇಲೆ ಕೂಲಿಯಾಳು ಇಟ್ಟುಕೊಂಡಿದ್ದೆ. ಯುದ್ಧ ಶುರುವಾದದ್ದೇ ತಡ, ರೈಲಿನ ಹಳಿಗೆ ಹಾಸುವ ದಿಮ್ಮಿಗೆಂದು ಕಾಡಿನಲ್ಲಿ ಮರ ಕಡಿಯುವ ಕೆಲಸಕ್ಕೆ ಗರಗಸದ ಆಳುಗಳೆಲ್ಲ ಹೊರಟುಹೋದರು. ಒಂದು ದಿನ ನಾನು ಅರ್ಧ ಸೀಳಿದ ಹಲಗೆಯ ಮುಂದೆ ಕೈಚೆಲ್ಲಿ ಕೂತಿದ್ದಾಗ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಕೆಳಗಿನ ಹಿಡಿಗೆ ಕೈಹಾಕಿದಳು.

"ನಾನು ಎಳೀತೀನಿ. ನೀವು ಗೆರೆ ನೋಡ್ಕಳ್ರಿ" ಅಂದಳು.

ಹಾಗೆ ಎರಡು ವರ್ಷ ನಡೆಯಿತು. ಬಸಿರಾದ ಮೇಲೆ ಬೇಡವೆಂದು ಎರಡು ಸಲ ಹೇಳಿದೆ. ಮೂರನೇ ಸಲ ಕೆಲಸ ಅವಸರದ್ದಾಗಿತ್ತು, ನಾನು ಹೇಳಲಿಲ್ಲ. ಅದಕ್ಕೂ ಬಸಿರು ಇಳಿದದ್ದಕ್ಕೂ ಸಂಬಂಧ ಇತ್ತೋ ಇಲ್ಲವೋ, ಸೂಲಗಿತ್ತಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದರೆ ಹೇಳದೆ ಇದ್ದ ಆ ಮೂರನೇ ಸಲ ನನ್ನ ಮನಸ್ಸಿನಿಂದ ಹೋಗಲಿಲ್ಲ.

ಅವಳಿಲ್ಲದ ಮನೆಯಲ್ಲಿ ಮಳೆಗಾಲ ಕಳೆಯಿತು. ಚಿಕ್ಕಪುಟ್ಟ ಕೆಲಸ ಬರುತ್ತಿತ್ತು: ನೇಗಿಲಿಗೆ ಮೇಣಿ, ಮುರಿದ ಕೂರಿಗೆ, ಮಣೆ, ಲಟ್ಟಣಿಗೆ. ರೊಟ್ಟಿ ನಾನೇ ಬಡಿದುಕೊಳ್ಳುತ್ತಿದ್ದೆ. ಅವಳು ಒಲೆಯ ಪಕ್ಕ ಪೇರಿಸಿಟ್ಟು ಹೋಗಿದ್ದ ಮರದ ಚಕ್ಕೆಗಳು ಮುಗಿದ ದಿನ, ಹೊಸ ಚಕ್ಕೆ ತಂದು ಅದೇ ಜಾಗದಲ್ಲಿ, ಅವಳು ಪೇರಿಸುತ್ತಿದ್ದ ಹಾಗೆಯೇ ಅಡ್ಡಉದ್ದ ಪೇರಿಸಲು ನೋಡಿದೆ. ಸರಿಯಾಗಿ ಬರಲಿಲ್ಲ. ಬಿಚ್ಚಿ ಮತ್ತೆ ಪೇರಿಸಿದೆ.

ಭಾದ್ರಪದದಲ್ಲಿ ಹೊನ್ನಾಳಿಯ ಮಿಡ್ಲ್ ಸ್ಕೂಲಿನ ಹೆಡ್‌ಮಾಸ್ತರು ಹೇಳಿಕಳಿಸಿದರು. ಹೊಸ ಕೊಠಡಿಗಳಿಗೆ ಇಪ್ಪತ್ತು ಡೆಸ್ಕು, ಇಪ್ಪತ್ತು ಬೆಂಚು ಬೇಕು, ಯುಗಾದಿಯೊಳಗೆ ಆಗಬೇಕು, ಹಲಗೆಯನ್ನು ಚನ್ನಗಿರಿಯ ಮರದ ಮಂಡಿಯಿಂದ ಅವರೇ ಕೊಡಿಸುತ್ತಾರೆ.

"ಎಷ್ಟು ಜನ ಇದ್ದೀರಿ ಆಚಾರ್ರೇ?" ಎಂದು ಕೇಳಿದರು.

"ಇದ್ದೀವಿ ಸಾರ್" ಎಂದೆ. ಎಷ್ಟು ಜನ ಎಂದು ಹೇಳಲಿಲ್ಲ.

ಕಾಲು, ಅಡ್ಡಪಟ್ಟಿ, ಒರಗುಪಟ್ಟಿ ಎಲ್ಲ ಸೇರಿಸಿದರೆ ನೂರಾರು ಉದ್ದನೆಯ ತುಂಡುಗಳು. ಎಲ್ಲವೂ ಒಂದೇ ಅಗಲಕ್ಕೆ ಬರಬೇಕು. ಒಪ್ಪಿಕೊಂಡು ಬಂದವನಿಗೆ ದಾರಿಯುದ್ದಕ್ಕೂ ಒಂದೇ ಯೋಚನೆ: ಇನ್ನೊಂದು ತುದಿಗೆ ಯಾರು?

ದಸರೆಗೆ ಜಗಳೂರಿಗೆ ಹೋದೆ. ಅವಳನ್ನು ಕರೆತರುವುದೆಂದೇ ಹೊರಟದ್ದು. ಡೆಸ್ಕಿನ ಕೆಲಸ ಬಂದಿದೆಯೆಂಬ ಮಾತು ನನ್ನ ಬಾಯಿಂದ ಬಂದೊಡನೆ ಅತ್ತೆ ಕೈಯಲ್ಲಿದ್ದ ಮೊರ ಕೆಳಗಿಟ್ಟರು.

"ಕೆಲಸ ಬಂತು ಅಂತ ಕರೆಯಾಕೆ ಬಂದ್ರೇನು?"

"ಹಂಗಲ್ಲ ಅತ್ತೆ."

"ಹಂಗೇ ಐತೆ. ಆ ತುದಿಗೆ ಬೇರೆ ಯಾರನ್ನಾದ್ರೂ ಹಚ್ಚಿ ಬರ್ರಿ. ಅವತ್ತು ನಾನೇ ಮಡಿಲು ತುಂಬಿ ಕಳಿಸ್ತೀನಿ."

ನನ್ನ ಹೆಂಡತಿ ಬಾಗಿಲ ಹಿಂದೆ ನಿಂತಿದ್ದಳು. ಮೈ ಸ್ವಲ್ಪ ತುಂಬಿಕೊಂಡಿತ್ತು. ಕಣ್ಣು ಹಾಗೆಯೇ ಇತ್ತು. ನೀರು ತಂದು ಕೊಟ್ಟಳು. ಲೋಟ ತೆಗೆದುಕೊಳ್ಳುವಾಗ ಅವಳ ಅಂಗೈ ನೋಡಿದೆ. ಗರಗಸದ ಹಿಡಿಯಿಂದ ಬಂದಿದ್ದ ಜಡ್ಡು ಕರಗಿ ಮೆತ್ತಗಾಗಿತ್ತು. ಸಮಾಧಾನ ಆಗಬೇಕಿತ್ತು, ಆಗಲಿಲ್ಲ.

ಊಟ ಮುಗಿಸಿ ಬಸ್ಸಿಗೆಂದು ಹೊರಟೆ. ಊರ ಹೊರಗೆ ಮುಚ್ಚಿಹೋದ ಒಂದು ಹತ್ತಿ ಕಾರ್ಖಾನೆ ಇತ್ತು. ಹತ್ತಿ ಬೀಜ ಬಿಡಿಸುವ ಯಂತ್ರಗಳನ್ನು ಮಾರಿಯಾಗಿತ್ತು. ಅಂಗಳದಲ್ಲಿ ಮುರಿದ ಕಬ್ಬಿಣ ಬಿದ್ದಿತ್ತು. ಬೇವಿನ ಮರದ ಕೆಳಗೆ, ಕಲ್ಲುಗಳ ಮೇಲೆ ಏರಿಸಿಟ್ಟ, ಕೋಳಿಗಳು ಹತ್ತಿ ಕೂತಿದ್ದ ಒಂದು ಎರಕದ ಕಬ್ಬಿಣದ ಹಲಗೆ ಕಂಡಿತು. ಎರಡು ಮೊಳ ಉದ್ದ, ನಡುವೆ ಒಂದು ಸೀಳು. ಆ ಸೀಳಿನಿಂದ ದುಂಡನೆಯ ಗರಗಸದ ಅರ್ಧಭಾಗ ಮೇಲೆ ಎದ್ದಿತ್ತು, ಕೆಂಪು ತುಕ್ಕು ಹಿಡಿದು.

ಅಂಥದ್ದನ್ನು ನಾನು ಒಮ್ಮೆ ಶಿವಮೊಗ್ಗದ ಮರದ ಮಿಲ್ಲಿನಲ್ಲಿ ಎಂಜಿನ್ನಿಗೆ ಕಟ್ಟಿ ಓಡಿಸುವುದನ್ನು ನೋಡಿದ್ದೆ. ಇದು ಅದರ ಮರಿ. ಹತ್ತಿಯ ಪೆಟ್ಟಿಗೆ ಮಾಡಲು ಇಟ್ಟುಕೊಂಡಿದ್ದರಂತೆ. ಕೋಳಿ ಓಡಿಸಿ, ಬಗ್ಗಿ ಕೆಳಗೆ ನೋಡಿದೆ. ಗರಗಸ ಕೂತಿದ್ದ ಉಕ್ಕಿನ ಅಚ್ಚು ನೆಟ್ಟಗಿತ್ತು. ಎರಡು ಬೇರಿಂಗುಗಳಲ್ಲಿ ಒಂದು ಸವೆದು ಅಲ್ಲಾಡುತ್ತಿತ್ತು. ಕಬ್ಬಿಣದ ಕಾಲುಗಳನ್ನು ಯಾರೋ ಕಳಚಿ ಗುಜರಿಗೆ ಹಾಕಿದ್ದರು. ಗರಗಸದ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದೆ. ಒಂದೇ ಹಲ್ಲು ಮುರಿದಿತ್ತು.

ಕಾರ್ಖಾನೆ ಕಾಯುತ್ತಿದ್ದ ವಯಸ್ಸಾದ ಗುಮಾಸ್ತರು ವರಾಂಡದಿಂದ ಕೂಗಿದರು, "ಏನ್ರೀ, ಕೋಳಿ ಹಿಡಿಯಾಕೆ ಬಂದ್ರೇನು?"

"ಇಲ್ರಿ. ಇದನ್ನ ಕೊಡ್ತೀರೇನು?"

ಅವರು ಎದ್ದು ಬಂದು ನನ್ನ ಕೈ ನೋಡಿದರು. "ಬಡಗೇರೇನು? ದುಡ್ಡು ತಗಂಡು ನಾನೇನು ಮಾಡ್ಲಿ, ಅದು ಮಾಲೀಕರಿಗೆ ಹೋಗ್ತೈತೆ. ಗೋದಾಮಿನ ಬಾಗಿಲು ಆರೂ ಗೆದ್ದಲು ತಿಂದಾವೆ. ಅವನ್ನ ಮಾಡಿಕೊಟ್ಟು ಇದನ್ನ ಒಯ್ಯಿರಿ. ಮಾಲೀಕರಿಗೆ ನಾನು ಬರೆದು ಒಪ್ಪಿಸ್ತೀನಿ."

ಬಸ್ಸಿಗೆ ಹೊರಟಿದ್ದವನು ಹದಿನೆಂಟು ದಿನ ಜಗಳೂರಿನಲ್ಲಿ ಉಳಿದೆ. ಅಳಿಯ ಅಷ್ಟು ದಿನ ಮಾವನ ಮನೆಯಲ್ಲಿ ಉಳಿದರೆ ಚೆನ್ನಾಗಿರುವುದಿಲ್ಲವೆಂದು ಗೋದಾಮಿನಲ್ಲೇ ಮಲಗುತ್ತಿದ್ದೆ. ಸಂಜೆ ಊಟಕ್ಕೆ ಮಾತ್ರ ಅತ್ತೆಯ ಮನೆ. ಹೆಂಡತಿ ಬಡಿಸುವಳು, ಅತ್ತೆ ಎದುರಿಗೆ ಕೂತು ಹತ್ತಿ ಬತ್ತಿ ಹೊಸೆಯುವರು. ನಾವಿಬ್ಬರೇ ಮಾತಾಡಿದ್ದು ಒಂದು ದಿನವೂ ಇಲ್ಲ. ಏನು ಹೇಳಬೇಕಿದ್ದರೂ ಗರಗಸದ ಮೇಲೆ ಹಾಕಿ ಹೇಳಬೇಕು.

"ಹಲ್ಲು ಎಷ್ಟು ಉದ್ದ ಅದಾವೆ?" ಎಂದು ಒಂದು ಸಂಜೆ ಕೇಳಿದಳು.

"ಕಿರುಬೆರಳಿನ ಉಗುರಿನಷ್ಟು."

"ಎಳೆಯೋದು ಹೆಂಗೆ?"

"ಎಳೆಯೋದಿಲ್ಲ. ಅದು ತಿರುಗ್ತಾ ಇರ್ತೈತೆ. ಹಲಗೆನ ನಾವು ಅದರ ಮೇಲೆ ತಳ್ಳಬೇಕು."

"ಒಬ್ಬರೇ?"

"ಒಬ್ಬನೇ ಸಾಕು."

ಅವಳು ಸಾರಿನ ಪಾತ್ರೆ ಹಿಡಿದು ಅಲ್ಲೇ ನಿಂತಳು. ಅತ್ತೆ ತಲೆ ಎತ್ತಿ ನನ್ನನ್ನೂ ಮಗಳನ್ನೂ ನೋಡಿದರು. ಅವತ್ತಿನಿಂದ ನನ್ನ ತಟ್ಟೆಗೆ ಬೀಳುವ ತುಪ್ಪ ಹೆಚ್ಚಾಯಿತು. ನನ್ನ ಹೆಂಡತಿ ಮಾತ್ರ ಯೋಚನೆಗೆ ಬಿದ್ದಂತೆ ಕಂಡಳು. ಒಬ್ಬನೇ ಸಾಕು ಎಂಬುದನ್ನು ನಾನು ಅವಳಿಗೆ ಸಂತೋಷವಾಗಲೆಂದು ಹೇಳಿದ್ದೆ.

ಆರು ಬಾಗಿಲು ಮುಗಿದ ದಿನ ಗರಗಸವನ್ನು ಬಿಚ್ಚಿದೆ. ಅದನ್ನು ಅಚ್ಚಿಗೆ ಬಿಗಿದಿದ್ದ ನಟ್ಟು ಎಡಕ್ಕೆ ಬಿಚ್ಚುತ್ತದೋ ಬಲಕ್ಕೋ ಗೊತ್ತಾಗದೆ ಒಂದು ಬೆಳಗ್ಗೆಯೆಲ್ಲ ಗುದ್ದಾಡಿದೆ. ಸೀಮೆಎಣ್ಣೆ ಸಿಗುವ ಕಾಲ ಅಲ್ಲ. ಹರಳೆಣ್ಣೆ ಹಾಕಿ, ಬಿಸಿ ಬೂದಿ ಕಟ್ಟಿದ ಮೇಲೆ ಕೊನೆಗೆ ಅಲುಗಿತು. ಗರಗಸದ ಬಿಲ್ಲೆಯನ್ನು ನನ್ನ ಕಂಬಳಿಯಲ್ಲಿ ಸುತ್ತಿ ಜೊತೆಯಲ್ಲೇ ಇಟ್ಟುಕೊಂಡೆ. ಎರಕದ ಮೇಜನ್ನು ಮೂರು ಜನ ಹಿಡಿದು ಬಸ್ಸಿನ ಮೇಲೇರಿಸಿದರು. ಆಗ ಬಸ್ಸುಗಳು ಇದ್ದಿಲು ಗ್ಯಾಸಿನಿಂದ ಓಡುತ್ತಿದ್ದವು. ಹಿಂಭಾಗದಲ್ಲಿ ಒಲೆ, ಏರು ಬಂದರೆ ಜನ ಇಳಿಯಬೇಕು. ದಾವಣಗೆರೆ ಮುಟ್ಟುವುದರೊಳಗೆ ಕಂಡಕ್ಟರು ಆ ಮೇಜಿಗೆ ನಾಲ್ಕು ಸಲ ಬೈದ. ಅಲ್ಲಿಂದ ಹೊನ್ನಾಳಿಗೆ ಸರಕಿನ ಲಾರಿ, ಹೊನ್ನಾಳಿಯಿಂದ ನ್ಯಾಮತಿಗೆ ಎತ್ತಿನ ಗಾಡಿ.

ಮನೆಗೆ ಬಂದ ಮೇಲೆ ಗೊತ್ತಾಯಿತು, ನಾನು ತಂದದ್ದು ಗರಗಸವಲ್ಲ, ಗರಗಸದ ಸಾಮಾನು ಎಂದು.

ಮೊದಲು ಕಾಲು ಬೇಕು. ಮತ್ತಿ ಮರದ ನಾಲ್ಕು ಗುಜ್ಜು ಕಡಿದು ಚೌಕಟ್ಟು ಕಟ್ಟಿದೆ. ಚಪ್ಪರದ ಮಣ್ಣಿನ ನೆಲದ ಮೇಲೆ ಅದು ನಿಲ್ಲುವಂತಿರಲಿಲ್ಲ. ಮೊಳದಾಳ ಅಗೆದು ನಾಲ್ಕು ಕಾಲಿಗೂ ಚಪ್ಪಡಿ ಕೂರಿಸಿ, ರಸಮಟ್ಟ ಇಟ್ಟು ನೋಡಿ, ಒಂದು ಮೂಲೆಗೆ ತಗಡಿನ ಚೂರು ಕೊಟ್ಟೆ. ಸವೆದ ಬೇರಿಂಗನ್ನು ಊರಿನ ಹಿಟ್ಟಿನ ಗಿರಣಿಯ ಫಿಟ್ಟರ್ ಸಾಹೇಬರ ಹತ್ತಿರ ಒಯ್ದೆ. ಅರವತ್ತು ದಾಟಿದ ಮನುಷ್ಯ. ಕೈಯಲ್ಲಿ ಹೊರಳಿಸಿ ನೋಡಿ, "ಇದರ ಒಳಗಿನ ಬಿಳಿ ಲೋಹ ಹೋಗೈತೆ. ಕರಗಿಸಿ ಹೊಸದು ಹುಯ್ಯಬೇಕು" ಎಂದರು. ಗಿರಣಿಯ ಹಳೆಯ ಬೇರಿಂಗಿನ ಚೂರುಗಳನ್ನು ಕಬ್ಬಿಣದ ಸೌಟಿನಲ್ಲಿ ಕರಗಿಸಿದರು. ಗರಗಸದ ಉಕ್ಕಿನ ಅಚ್ಚಿಗೆ ದೀಪದ ಮಸಿ ಹಿಡಿಸಿ, ಅದನ್ನು ಬೇರಿಂಗಿನ ನಡುವೆ ನಿಲ್ಲಿಸಿ, ಅಂಚಿಗೆ ಜೇಡಿಮಣ್ಣು ಮೆತ್ತಿ, ಒಂದೇ ಧಾರೆಯಲ್ಲಿ ಹುಯ್ದರು.

"ನಡುವೆ ಕೈ ನಿಲ್ಲಿಸಿದ್ರೆ ಪದರ ಕಟ್ತೈತೆ. ಉಸಿರು ಬಿಡದಂಗೆ ಹುಯ್ಯಬೇಕು" ಎಂದರು. ಆರಿದ ಮೇಲೆ ಮೂರು ದಿನ ಅರೆದು ಅರೆದು ಅಚ್ಚು ಬೆರಳಿನಿಂದ ತಿರುವಿದರೆ ತಾನಾಗಿ ತಿರುಗುವ ಹಾಗೆ ಮಾಡಿದೆವು.

ಅದನ್ನು ಓಡಿಸಲು ಗಿರಣಿಯ ಎಂಜಿನ್ನಿನಿಂದ ಪಟ್ಟೆ ಎಳೆಯಬಹುದೆಂಬುದು ನನ್ನ ಆಸೆ. ಸಾಹೇಬರು ತಲೆಯಾಡಿಸಿದರು. "ಹಿಟ್ಟು ಬೀಸಾಕೇ ಎಣ್ಣೆ ಸಾಲ್ತಿಲ್ಲ. ಮರ ಕೊಯ್ಯಾಕೆ ಎಲ್ಲಿಂದ ತರ್ಲಿ?"

ಕೊನೆಗೆ ಗಾಡಿಯ ಚಕ್ರವನ್ನೇ ಹಿಡಿದೆ. ಕಬ್ಬಿಣದ ಪಟ್ಟಿ ಹೊಡೆದ ಆಳೆತ್ತರದ ಚಕ್ರ. ಒಮ್ಮೆ ವೇಗ ಹಿಡಿದರೆ ಆ ಭಾರವೇ ಅದನ್ನು ತಿರುಗಿಸುತ್ತದೆ. ಅದನ್ನು ಮೇಜಿನ ಹಿಂದೆ ಎರಡು ಕಂಬಗಳ ನಡುವೆ ನಿಲ್ಲಿಸಿದೆ. ಅದರ ಕಡ್ಡಿಗಳಿಗೆ ಮರದ ಬಳೆಯೊಂದನ್ನು ಮೊಳೆ ಹೊಡೆದು ಕೂರಿಸಿದೆ. ಆ ಬಳೆಯಿಂದ ಗರಗಸದ ಅಚ್ಚಿನ ಚಿಕ್ಕ ರಾಟೆಗೆ ಚರ್ಮದ ಪಟ್ಟೆ. ಚಕ್ರದ ಅಚ್ಚಿಗೆ ಕಮ್ಮಾರರಿಂದ ಹಿಡಿಕೆಯ ಹಾಗೆ ಬಾಗಿದ ಒಂದು ಸೊಟ್ಟು ಹೊಡೆಸಿ, ಅದರಿಂದ ಉದ್ದ ಕೋಲು ಇಳಿಸಿ, ಮೇಜಿನ ಕೆಳಗೆ ನನ್ನ ಬಲಗಾಲಿಗೆ ತುಳಿಯುವ ಹಲಗೆ ಮಾಡಿದೆ. ಕಾಲು ಒಮ್ಮೆ ತುಳಿದರೆ ಚಕ್ರ ಒಂದು ಸುತ್ತು, ಗರಗಸ ಹನ್ನೆರಡು ಸುತ್ತು. ಪಟ್ಟೆ ಜಾರುತ್ತಿತ್ತು, ರಾಳದ ಪುಡಿ ಉದುರಿಸಿದೆ, ಹಿಡಿಯಿತು. ತುಕ್ಕನ್ನು ಇಟ್ಟಿಗೆ ಪುಡಿಯಿಂದ ತಿಕ್ಕಿ ತೆಗೆದೆ. ಹಲ್ಲುಗಳಿಗೆ ಅರ ಹಾಕಿ, ಒಂದು ಎಡಕ್ಕೆ ಒಂದು ಬಲಕ್ಕೆ ಓರೆ ಕೊಟ್ಟೆ.

ಮಾರ್ಗಶಿರದ ಒಂದು ಬೆಳಿಗ್ಗೆ ಮೊದಲ ಹಲಗೆ ಇಟ್ಟೆ. ಹೊನ್ನೆ ಮರ, ಒಂದಂಗುಲ ದಪ್ಪ. ನನ್ನ ಬಲಕ್ಕೆ ಹಲಗೆ ಆತು ಸಾಗಲೆಂದು ಉದ್ದನೆಯ ದಬ್ಬೆಯೊಂದನ್ನು ಮೇಜಿಗೆ ಬಿಗಿದಿದ್ದೆ. ಚಕ್ರ ವೇಗ ಹಿಡಿಯಿತು. ಗರಗಸ ಕಣ್ಣಿಗೆ ಕಾಣದಷ್ಟು ತೆಳುವಾಗಿ ತಿರುಗತೊಡಗಿತು. ಹಲಗೆ ತಳ್ಳಿದೆ. ಒಂದು ಗೇಣು ಹೋಯಿತು, ಎರಡು ಗೇಣು ಹೋಯಿತು. ಹೊನ್ನೆಯ ಪುಡಿ ಕುಂಕುಮದ ಹಾಗೆ ಕಾಲ ಮೇಲೆ ಸುರಿಯಿತು. ನಗು ಬಂತು. ಯಾರಿಗಾದರೂ ತೋರಿಸಬೇಕೆಂದು ಪಕ್ಕಕ್ಕೆ ನೋಡಿದೆ. ಯಾರೂ ಇರಲಿಲ್ಲ.

ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಗರಗಸ ಮಂಕಾಯಿತು. ನಾನು ಇನ್ನೂ ಜೋರಾಗಿ ತುಳಿದು ಇನ್ನೂ ಜೋರಾಗಿ ತಳ್ಳಿದೆ. ಹಲಗೆ ಒಮ್ಮೆಲೇ ಎದ್ದು, ಹಿಂದಕ್ಕೆ ಹಾರಿ, ನನ್ನ ಪಕ್ಕೆಗೆ ಬಡಿಯಿತು. ಬಿದ್ದವನಿಗೆ ಉಸಿರು ತೆಗೆದುಕೊಳ್ಳಲು ಆಗಲಿಲ್ಲ. ಗಾಡಿಯ ಚಕ್ರ ಮಾತ್ರ ತನ್ನಷ್ಟಕ್ಕೆ ತಿರುಗುತ್ತಲೇ ಇತ್ತು.

ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆಯೆಂದು ನಾಟಿ ವೈದ್ಯರು ಮೊಟ್ಟೆಯ ಪಟ್ಟು ಹಾಕಿ ಬಟ್ಟೆ ಬಿಗಿದರು. ಹದಿನೈದು ದಿನ ಗೋಡೆಗೆ ಒರಗಿ ಕೂತಿದ್ದೆ. ಸಾಹೇಬರು ದಿನಾ ಒಂದು ಹೊತ್ತು ಬಂದು ಮೇಜಿನ ಸುತ್ತ ಓಡಾಡಿ ಹೋಗುವರು. "ಮಾರಿಬಿಡ್ರಿ ಆಚಾರ್ರೇ, ಜೀವಕ್ಕಿಂತ ಹೆಚ್ಚೇನು" ಎಂದು ಒಂದು ದಿನ, "ತಪ್ಪು ಎಲ್ಲೈತೆ ಅಂತ ಹುಡುಕೋಣ" ಎಂದು ಇನ್ನೊಂದು ದಿನ.

ಹತ್ತನೆಯ ದಿನವೋ ಏನೋ, ಜಗಳೂರಿನಿಂದ ಒಂದು ಕಾರ್ಡು ಬಂತು. ಅತ್ತೆ ಹತ್ತಿ ಕಾರ್ಖಾನೆಯ ಆ ಗುಮಾಸ್ತರಿಂದಲೇ ಬರೆಸಿದ್ದರು. ನನಗೆ ಏಟು ಬಿದ್ದ ಸುದ್ದಿ ದಾವಣಗೆರೆ ಸಂತೆಗೆ ಹೋದವರಿಂದ ತಿಳಿಯಿತಂತೆ. ನೋಡಿಕೊಳ್ಳುವವರು ಯಾರೂ ಇಲ್ಲದ ಮನೆ. ನೀವು ಒಂದು ಮಾತು ಬರೆದರೆ ಮಗಳನ್ನು ಬುಧವಾರವೇ ಕಳಿಸುತ್ತೇನೆ. ಅವಳಂತೂ ಗಂಟು ಕಟ್ಟಿಕೊಂಡು ಕೂತಿದ್ದಾಳೆ ಎಂದಿತ್ತು.

ಆ ಕಾರ್ಡನ್ನು ಎಷ್ಟು ಸಲ ಓದಿದೆನೋ. ಗಂಟು ಕಟ್ಟಿಕೊಂಡು ಕೂತಿದ್ದಾಳೆ ಎಂಬಲ್ಲಿಗೆ ಬಂದು ನಿಲ್ಲುತ್ತಿದ್ದೆ. ಎಂಟು ತಿಂಗಳಾಗಿತ್ತು. ಅವಳು ಅಂಗಳಕ್ಕೆ ಕಾಲಿಡುವುದು, ಒಲೆ ಉರಿಸುವುದು, ನನ್ನ ಪಕ್ಕೆಯ ಪಟ್ಟು ಬದಲಿಸುವುದು, ಎಲ್ಲ ಕಣ್ಣಿಗೆ ಕಟ್ಟಿತು. ಆಮೇಲೆ ನಡೆಯುವುದೂ ಕಣ್ಣಿಗೆ ಕಟ್ಟಿತು. ಚಪ್ಪರದಲ್ಲಿ ಚನ್ನಗಿರಿಯ ಹಲಗೆ ರಾಶಿ ಬಿದ್ದಿದೆ. ಹೆಡ್‌ಮಾಸ್ತರು ಆಗಲೇ ಒಂದು ಸಲ ವಿಚಾರಿಸಿದ್ದಾರೆ. ಮೇಜು ಕೆಲಸಕ್ಕೆ ಬಾರದ ಹಾಗೆ ನಿಂತಿದೆ. ಗೋಡೆಯ ಮೇಲೆ ಹಳೆಯ ಗರಗಸ ಇದೆ. ಅವಳು ಎರಡು ದಿನ ಸುಮ್ಮನಿರುತ್ತಾಳೆ. ಮೂರನೆಯ ದಿನ ಸೆರಗು ಸಿಕ್ಕಿಸಿಕೊಂಡು ಬರುತ್ತಾಳೆ. ಆಗ ನಾನು ಬೇಡ ಎನ್ನುತ್ತೇನೋ ಇಲ್ಲವೋ, ನನ್ನ ಮೇಲೆ ನನಗೆ ನಂಬಿಕೆ ಇರಲಿಲ್ಲ.

ಸಾಹೇಬರಿಂದ ಒಂದು ಕಾರ್ಡು ತರಿಸಿ, ಮಂಡಿಯ ಮೇಲಿಟ್ಟುಕೊಂಡು ಬರೆದೆ: "ಈಗ ಬರುವುದು ಬೇಡ. ನಾನೇ ಬರುತ್ತೇನೆ." ಇನ್ನೂ ಬರೆಯಬೇಕೆಂದಿತ್ತು. ಗುಮಾಸ್ತರು ಓದಿ ಹೇಳುವ ಕಾಗದದಲ್ಲಿ, ಅತ್ತೆ ಕೇಳಿಸಿಕೊಳ್ಳುವ ಕಾಗದದಲ್ಲಿ ಏನು ಬರೆಯುವುದು? ಅಷ್ಟನ್ನೇ ಅಂಚೆಗೆ ಹಾಕಿಸಿದೆ. ಹಾಕಿಸಿದ ಮೇಲೆ ಬುಧವಾರ ಬಂತು. ಮಧ್ಯಾಹ್ನದ ಬಸ್ಸಿನ ಸದ್ದು ಕೇಳಿ, ಗೊತ್ತಿದ್ದೂ ಗೊತ್ತಿದ್ದೂ, ಬಾಗಿಲ ತನಕ ಹೋಗಿ ನಿಂತೆ.

ಪಟ್ಟು ಬಿಚ್ಚಿದ ದಿನ ಸಾಹೇಬರೂ ನಾನೂ ಮೇಜಿನ ಮುಂದೆ ಕೂತೆವು. ಅವರು ಗರಗಸದ ಒಂದು ಹಲ್ಲಿಗೆ ಸುಣ್ಣ ಹಚ್ಚಿದರು. ಆ ಹಲ್ಲನ್ನು ಮುಂದೆ ತಂದು, ಹಲ್ಲಿಗೂ ದಬ್ಬೆಗೂ ನಡುವಿನ ಜಾಗವನ್ನು ಒಂದು ಕಡ್ಡಿಯಿಂದ ಅಳೆದರು. ಅದೇ ಹಲ್ಲನ್ನು ಕೈಯಿಂದ ತಿರುವಿ ಹಿಂದಕ್ಕೆ ಒಯ್ದು ಅದೇ ಕಡ್ಡಿ ಇಟ್ಟರು. ಕಡ್ಡಿ ಹಿಡಿಸಲಿಲ್ಲ. ಹಿಂಭಾಗ ಒಂದು ಅಕ್ಕಿಕಾಳಿನಷ್ಟು ಇಕ್ಕಟ್ಟಾಗಿತ್ತು.

"ನೋಡ್ರಿ. ಹಲಗೆ ಮುಂದೆ ಹೋದಂಗೆ ಸಿಕ್ಕಿಹಾಕ್ಕಂತೈತೆ. ಎದ್ದು ಹೊಡೀದೆ ಇನ್ನೇನು ಮಾಡ್ತೈತೆ?"

ಅಷ್ಟು ವರ್ಷ ಕಣ್ಣಳತೆಯಲ್ಲಿ ಗೆರೆ ಎಳೆದವನು ನಾನು. ದಬ್ಬೆಯನ್ನೂ ಕಣ್ಣಳತೆಯಲ್ಲೇ ಬಿಗಿದಿದ್ದೆ. ಬಿಚ್ಚಿದೆ. ಮುಂದೆ ಹಿಂದೆ ಕಡ್ಡಿ ಒಂದೇ ಸಮ ಆಗುವ ತನಕ ತಟ್ಟಿ ತಟ್ಟಿ ಕೂರಿಸಲು ಒಂದು ದಿನ ಹಿಡಿಯಿತು. ಇನ್ನೊಂದು ದೋಷ ಮರದಲ್ಲೇ ಇತ್ತು. ಪೂರಾ ಒಣಗದ ಹೊನ್ನೆ ಸೀಳಿದ ಮೇಲೆ ಮತ್ತೆ ಮುಚ್ಚಿಕೊಂಡು ಗರಗಸವನ್ನು ಹಿಂದಿನಿಂದ ಹಿಡಿಯುತ್ತಿತ್ತು. ಎರಡಾಳಿನ ಗರಗಸದಲ್ಲಿ ಹೀಗಾದರೆ ಸೀಳಿಗೆ ಬೆಣೆ ಹೊಡೆಯುತ್ತಿದ್ದೆವು. ಇಲ್ಲಿಯೂ ಗರಗಸದ ಬೆನ್ನಿಗೆ, ಅದಕ್ಕಿಂತ ಕೂದಲೆಳೆ ದಪ್ಪದ ಕಬ್ಬಿಣದ ನಾಲಿಗೆಯೊಂದನ್ನು ನಿಲ್ಲಿಸಿದೆ. ಸೀಳು ಅದನ್ನು ಅಪ್ಪಿಕೊಂಡು ತೆರೆದೇ ಸಾಗಿತು.

ಮೂರನೆಯದು ನನ್ನ ಕಾಲಿನ ಬಲದ ಮಾತು. ಒಂದೇ ಏಟಿಗೆ ಅಂಗುಲ ದಪ್ಪ ಕೊಯ್ಯುವಷ್ಟು ಬಲ ಒಂದು ಕಾಲಿಗೆ ಇಲ್ಲ. ಮೇಜಿನ ಮೇಲೆ ಇನ್ನೊಂದು ಮರದ ಹಲಗೆ ಹಾಸಿ ಎತ್ತರಿಸಿದೆ. ಗರಗಸ ಅದರ ಮೇಲೆ ಅರ್ಧ ಅಂಗುಲಕ್ಕೆ ಒಂದಿಷ್ಟು ಹೆಚ್ಚು ಮಾತ್ರ ಕಾಣುವ ಹಾಗೆ. ನಾಲಿಗೆಯನ್ನೂ ಹಲ್ಲಿನ ತುದಿಗಿಂತ ತಗ್ಗಿಸಿದೆ. ಒಂದು ಮಗ್ಗುಲಿಂದ ಅರ್ಧ, ಮಗುಚಿ ಹಾಕಿ ಇನ್ನರ್ಧ. ಕೆಲಸ ದುಪ್ಪಟ್ಟು. ಆದರೆ ಹಲಗೆ ಹಾರಲಿಲ್ಲ, ಸುಡಲಿಲ್ಲ, ಪಟ್ಟಿಗಳು ಒಂದೇ ಅಗಲಕ್ಕೆ ಬಂದವು.

ಪುಷ್ಯದಿಂದ ಫಾಲ್ಗುಣದ ತನಕ ತುಳಿದೆ. ಬಲಗಾಲು ಬಾತುಕೊಂಡಾಗ ತುಳಿಹಲಗೆಯನ್ನು ಎಡಕ್ಕೆ ಬದಲಿಸಿದೆ. ಹಲ್ಲಿಗೆ ದಿನ ಬಿಟ್ಟು ದಿನ ಅರ ಹಾಕುತ್ತಿದ್ದೆ. ಜೋಡಣೆ, ಕಿಂಡಿ, ಬೆಣೆ ಎಲ್ಲ ಅಪ್ಪ ಕಲಿಸಿದ ಹಾಗೆಯೇ ಕೈಯಲ್ಲಿ. ಯುಗಾದಿಗೆ ಒಂಬತ್ತು ದಿನ ಇರುವಾಗ ಐದು ಗಾಡಿಗಳಲ್ಲಿ ಡೆಸ್ಕುಗಳು ಹೊನ್ನಾಳಿಗೆ ಹೋದವು. ಹೆಡ್‌ಮಾಸ್ತರು ಒಂದೊಂದರ ಮೇಲೂ ಕೈಯಾಡಿಸಿ, ಕೂತು ನೋಡಿ, "ಎಷ್ಟು ಜನ ಮಾಡಿದ್ರಿ?" ಎಂದು ಮತ್ತೆ ಕೇಳಿದರು.

"ಒಬ್ಬನೇ ಸಾರ್" ಎಂದೆ. ಹೇಳುವಾಗ ಜಂಬವೇನೂ ಬರಲಿಲ್ಲ.

ಹೊನ್ನಾಳಿಯಿಂದ ಮನೆಗೂ ಹೋಗದೆ ನೇರ ಜಗಳೂರಿನ ದಾರಿ ಹಿಡಿದೆ. ಅತ್ತೆ ನನ್ನ ಮಾತು ಪೂರಾ ಕೇಳಿದರು. ಬಗ್ಗಿ ನನ್ನ ಪಕ್ಕೆ ಮುಟ್ಟಿ ನೋಡಿದರು. "ಕರ್ಕಂಡು ಹೋಗ್ರಿ" ಎಂದು ಒಳಗೆ ಹೋಗಿ ಅಕ್ಕಿ, ಬೆಲ್ಲ, ಕೊಬ್ಬರಿ ಕಟ್ಟಿ ತಂದರು. ನನ್ನ ಹೆಂಡತಿ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ದಾವಣಗೆರೆಯಲ್ಲಿ ಮಂಡಕ್ಕಿ ತಂದು ಕೊಟ್ಟರೆ ತೆಗೆದುಕೊಂಡಳು, ತಿನ್ನಲಿಲ್ಲ. ಹೊನ್ನಾಳಿಯ ಹೊಳೆ ಕಂಡಾಗ ಕೇಳಿದೆ, "ಮೈ ಹುಷಾರಿಲ್ಲೇನು?"

"ಐತೆ" ಅಂದಳು.

ಮಾರನೆಯ ಬೆಳಿಗ್ಗೆ ಅವಳು ಚಪ್ಪರಕ್ಕೆ ಬಂದಳು. ಮೇಜಿನ ಸುತ್ತ ಒಂದು ಸುತ್ತು ಬಂದು, ಚಕ್ರ ಮುಟ್ಟಿ, ಪಟ್ಟೆ ಮುಟ್ಟಿ, ತುಳಿಹಲಗೆಯ ಮೇಲೆ ಒಂದು ಸಲ ಕಾಲಿಟ್ಟು ತೆಗೆದಳು. ನೋಡಲಿ ಎಂದು ಉಳಿದಿದ್ದ ಒಂದು ಹಲಗೆ ಇಟ್ಟು ಚಕ್ರ ನಡೆಸಿದೆ. ಅವಳು ಆಚೆ ಬದಿಗೆ, ಸೀಳಿದ ಪಟ್ಟಿ ಹೊರಬರುವ ಕಡೆ ಹೋಗಿ ನಿಂತಳು. ಪಟ್ಟಿಯ ತುದಿ ಕೆಳಗೆ ಜೋಲದ ಹಾಗೆ ಎರಡು ಬೆರಳಲ್ಲಿ ಹಿಡಿದಳು. ಹಾಗೆ ಹಿಡಿದುಕೊಂಡೇ ಏನೋ ಹೇಳಿದಳು. ತುಟಿ ಅಲುಗಿದ್ದು ಕಂಡಿತು, ಮಾತು ಕೇಳಲಿಲ್ಲ. ಎರಡಾಳಿನ ಗರಗಸಕ್ಕೆ ಇಷ್ಟು ಸದ್ದು ಇರಲಿಲ್ಲ. ಅದನ್ನು ಎಳೆಯುವಾಗ ನಾವು ಮಳೆಯ ಮಾತು, ಮನೆಯ ಮಾತು, ಆಗದ ಹೋಗದ ಮಾತು ಎಲ್ಲ ಆಡುತ್ತಿದ್ದೆವು. ಈ ಮೇಜಿಗಾಗಿ ಅಷ್ಟು ತಿಂಗಳು ಒದ್ದಾಡಿದವನಿಗೆ ಅದು ಹೊಳೆದಿರಲಿಲ್ಲ.

ಕಾಲು ತೆಗೆದೆ. ಆ ಭಾರದ ಚಕ್ರ ಬೇಗ ನಿಲ್ಲುವುದಿಲ್ಲ. ಇಬ್ಬರೂ ಎದುರುಬದುರು ನಿಂತು ಅದು ನಿಲ್ಲುವುದನ್ನೇ ಕಾದೆವು.

"ಏನಂದೆ?"

"ಕಾಗದದಾಗೆ ಬರೋದು ಬೇಡ ಅಂತ ಯಾಕೆ ಬರೆದ್ರಿ? ನಾನು ಗಂಟು ಕಟ್ಟಿ ಇಟ್ಟಿದ್ದೆ."

"ನೀನು ಬಂದಿದ್ರೆ ಆ ಹಳೇ ಗರಗಸ ಹಿಡೀತಿದ್ದೆ."

"ಹಿಡೀತಿದ್ದೆ" ಅಂದಳು.

"ನಾನು ಬೇಡ ಅಂತಿದ್ನೋ ಇಲ್ವೋ, ನನಗೇ ಗೊತ್ತಿರಲಿಲ್ಲ."

ಅವಳು ಕೈಯಲ್ಲಿದ್ದ ಪಟ್ಟಿಯ ಅಂಚಿನ ಪುಡಿಯನ್ನು ಬೆರಳಿನಿಂದ ಒರೆಸುತ್ತ ನಿಂತಳು. ಆಮೇಲೆ ತಲೆ ಎತ್ತದೆಯೇ ಹೇಳಿದಳು:

"ಹೋದದ್ದು ಹೆಣ್ಣು ಕೂಸಂತೆ. ಸೂಲಗಿತ್ತಿ ನನಗೆ ಹೇಳಿದ್ಲು. ಗಂಡಸಿಗೆ ಹೇಳ್ಬೇಡ, ಕೊರಗ್ತಾರೆ ಅಂದ್ಲು. ಅಷ್ಟು ದಿನದಿಂದ ನಾನೊಬ್ಬಳೇ ಇಟ್ಕಂಡಿದ್ದೆ."

ಮೇಜು ಬಳಸಿ ಅವಳಿದ್ದ ಕಡೆ ಹೋದೆ. ಅವಳ ಕೈಲಿದ್ದ ಪಟ್ಟಿ ತೆಗೆದು ಕೆಳಗಿಟ್ಟೆ. ಅವತ್ತು ಮತ್ತೆ ಚಕ್ರ ತುಳಿಯಲಿಲ್ಲ.